ಕಾರಿನ ಕೆಳಗೆ ಕೆಂಪು ಹನಿ ಕಂಡರೆ ಗಾಡಿ ತೆಗೆಯಬೇಡಿ

ಹಳೇ ಆಟೋಮ್ಯಾಟಿಕ್ ಕಾರು ಇಟ್ಟುಕೊಂಡಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಎರಡು ಮೂರು ಸಾವಿರದಲ್ಲಿ ಮುಗಿಯಬೇಕಿದ್ದ ಕೆಲಸಕ್ಕೆ ನಾನು 94 ಸಾವಿರ ಕೊಟ್ಟು ಬಂದಿದ್ದೇನೆ.

ನಮ್ಮದು 2011ರ ಮಾಡೆಲ್. ಅಪ್ಪನಿಗೆ ಮೊಣಕಾಲು ನೋವು, ಕ್ಲಚ್ ತುಳಿಯಲು ಆಗಲ್ಲ ಅಂತ ಸೆಕೆಂಡ್ ಹ್ಯಾಂಡ್‌ನಲ್ಲಿ ತೆಗೆದುಕೊಂಡಿದ್ದು. ಟಾರ್ಕ್ ಕನ್ವರ್ಟರ್ ಗೇರ್‌ಬಾಕ್ಸ್. ಈಗಿನ ಸಣ್ಣ ಕಾರುಗಳಲ್ಲಿ ಬರುವ ಎಎಂಟಿ (ಮ್ಯಾನ್ಯುಯಲ್ ಗೇರ್‌ಬಾಕ್ಸನ್ನೇ ಯಂತ್ರ ಬದಲಿಸುವ ಥರದ್ದು) ಬೇರೆ, ಅದರಲ್ಲಿ ಮಾಮೂಲಿ ಕ್ಲಚ್ ಪ್ಲೇಟೇ ಇರುತ್ತದೆ. ನಮ್ಮದರಲ್ಲಿ ಗೇರ್‌ಬಾಕ್ಸ್ ಒಳಗಿನ ಆಯಿಲ್‌ನ ಒತ್ತಡವೇ ಗೇರ್ ಹಿಡಿಸುವುದು. ಆಯಿಲ್ ಕಮ್ಮಿಯಾದರೆ ಒತ್ತಡ ಬೀಳುತ್ತದೆ, ಒಳಗಿನ ಪ್ಲೇಟುಗಳು ಜಾರಿ ಉಜ್ಜುತ್ತವೆ, ಉಜ್ಜಿ ಉಜ್ಜಿ ಸುಡುತ್ತವೆ. ಇಷ್ಟು ವಿಷಯ ಮೊದಲೇ ಗೊತ್ತಿದ್ದಿದ್ದರೆ ನನ್ನ ದುಡ್ಡು ಉಳಿಯುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಚಾಮುಂಡಿ ಬೆಟ್ಟ ಹತ್ತುತ್ತಿದ್ದೆ. ಒಂದು ತಿರುವು ದಾಟಿ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಗೊರ್ ಅಂತ ಕೂಗಿತು. ಆರ್‌ಪಿಎಂ ಮುಳ್ಳು 4,000 ದಾಟಿತು, ಗಾಡಿ ಮಾತ್ರ ತೆವಳುತ್ತಲೇ ಇತ್ತು. ಸೈಕಲ್ ಚೈನ್ ಕಳಚಿದಾಗ ಪೆಡಲ್ ಸುಮ್ನೆ ತಿರುಗುತ್ತದಲ್ಲ, ಹಾಗೆ. ಎರಡು ಸೆಕೆಂಡ್ ಬಿಟ್ಟು ಧಡ್ ಅಂತ ಗೇರ್ ಹಿಡಿಯಿತು. "ಏನಾಯ್ತೋ?" ಅಂದರು ಅಪ್ಪ. "ಏರು ಅಲ್ವಾ ಅಪ್ಪ, ಅದಕ್ಕೆ" ಅಂದೆ.

ಮಾರನೇ ದಿನ ಬಾಗಿಲು ಸಾರಿಸುವಾಗ ಅಮ್ಮ ಕರೆದರು. ಮುಂದಿನ ಚಕ್ರದ ಪಕ್ಕ ಸಿಮೆಂಟ್ ನೆಲದ ಮೇಲೆ ನಾಲ್ಕೈದು ಕೆಂಪು ಹನಿ. "ಕುಂಕುಮದ ನೀರು ಚೆಲ್ಲಿದ ಹಾಗಿದೆ ಕಣೋ, ಏನಿದು?" ಅಂದರು. ನಾನು ಹಳೇ ಬಟ್ಟೆಯಲ್ಲಿ ಒರೆಸಿ ಆಫೀಸಿಗೆ ಹೊರಟೆ. ಗೇರ್‌ಬಾಕ್ಸ್ ಆಯಿಲ್ ಅಂದರೆ ಎಟಿಎಫ್, ಸಾಮಾನ್ಯವಾಗಿ ಅದರ ಬಣ್ಣ ಕೆಂಪು. ಆ ಹನಿಗೂ ಬೆಟ್ಟದಲ್ಲಿ ಆಗಿದ್ದಕ್ಕೂ ಸಂಬಂಧ ಇದೆ ಅಂತ ನನಗೆ ಹೊಳೆಯಲೇ ಇಲ್ಲ.

ಹೀಗೆ ಗೇರ್ ಜಾರುವುದು ಜಾಸ್ತಿಯಾದ ಮೇಲೆ ಮನೆ ಹತ್ತಿರದ ಒಂದು ಗ್ಯಾರೇಜ್‌ಗೆ ಹೋದೆ. "ಆಯಿಲ್ ಕಮ್ಮಿ ಇದೆ ಸಾರ್, ಟಾಪಪ್ ಮಾಡಿದ್ರೆ ಆಯ್ತು" ಅಂದ ಮೆಕ್ಯಾನಿಕ್. ತೆರೆದ ಕ್ಯಾನಿನಿಂದ ಆಯಿಲ್ ಸುರಿದ. ಅದು ನಮ್ಮ ಗಾಡಿಯ ಮ್ಯಾನ್ಯುಯಲ್‌ನಲ್ಲಿ ಬರೆದಿರುವ ಗ್ರೇಡ್ ಹೌದೋ ಅಲ್ಲವೋ ನಾನೂ ಕೇಳಲಿಲ್ಲ, ಅವನೂ ನೋಡಲಿಲ್ಲ. ಜೊತೆಗೆ ಸ್ಲಿಪ್ ನಿಲ್ಲಿಸುವ ಔಷಧಿ ಅಂತ ಒಂದು ಬಾಟಲಿ ಹಾಕಿದ. ಬಿಲ್ ಇಲ್ಲ. ಒಂದು ವಾರ ಗಾಡಿ ಬೆಣ್ಣೆ ಹಾಗೆ ಓಡಿತು. ಗೇರ್‌ಬಾಕ್ಸ್ ಆಯಿಲ್ ಎಂಜಿನ್ ಆಯಿಲ್ ಥರ ಉರಿದು ಖರ್ಚಾಗಲ್ಲ. ಕಮ್ಮಿಯಾಗಿದೆ ಅಂದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ. ಸೋರುವ ಜಾಗ ಹುಡುಕದೆ ಮೇಲಿಂದ ಸುರಿದರೆ ಎಷ್ಟು ದಿನ ಬಂದೀತು?

ಮಂಡ್ಯದಲ್ಲಿ ಮದುವೆ ಮುಗಿಸಿ ರಾತ್ರಿ ಮೈಸೂರಿಗೆ ವಾಪಸ್ ಬರುತ್ತಿದ್ದೆ. ಶ್ರೀರಂಗಪಟ್ಟಣ ಇನ್ನೂ ಬಂದಿರಲಿಲ್ಲ. ಎಕ್ಸ್‌ಪ್ರೆಸ್‌ವೇಯಲ್ಲಿ 90ರಲ್ಲಿದ್ದ ಗಾಡಿ 70, 50, 30 ಅಂತ ಇಳಿಯತೊಡಗಿತು. ಕಾಲು ಪೂರ್ತಿ ಒತ್ತಿದ್ದೇನೆ, ಎಂಜಿನ್ ಕಿರುಚುತ್ತಿದೆ, ಹಿಂದೆ ಲಾರಿಗಳ ಲೈಟು. ಹಿಂದಿನ ಸೀಟಿನಲ್ಲಿ ಮಗಳು ನಿದ್ದೆ ಮಾಡುತ್ತಿದ್ದಳು. ಹೇಗೋ ಎಡಕ್ಕೆ ತಂದು ಹಜಾರ್ಡ್ ಲೈಟ್ ಹಾಕಿ ನಿಲ್ಲಿಸಿದೆ. ಕೈ ನಡುಗುತ್ತಿತ್ತು.

ಆಮೇಲೆ ಮಾಡಿದ್ದು ಇನ್ನೂ ದೊಡ್ಡ ತಪ್ಪು. ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡುವುದು ಬಿಟ್ಟು, ಪರಿಚಯದವರ ಪಿಕಪ್ ಕರೆಸಿ, ನ್ಯೂಟ್ರಲ್‌ಗೆ ಹಾಕಿ, ಸರ್ವಿಸ್ ರಸ್ತೆಯಲ್ಲಿ ಹಗ್ಗ ಕಟ್ಟಿ ಮನೆವರೆಗೂ ಎಳೆಸಿಕೊಂಡು ಬಂದೆ. ಗೇರ್‌ಬಾಕ್ಸ್‌ಗೆ ಆಯಿಲ್ ಹಾಯಿಸುವ ಪಂಪ್ ಎಂಜಿನ್ ಓಡುವಾಗ ಮಾತ್ರ ತಿರುಗುತ್ತದೆ. ಎಂಜಿನ್ ಆಫ್ ಇದ್ದು ಮುಂದಿನ ಚಕ್ರ ತಿರುಗಿದರೆ ಒಳಗಿನ ಭಾಗಗಳು ಒಣಗಿಕೊಂಡೇ ಸುತ್ತುತ್ತವೆ. ನಮ್ಮ ಥರ ಎಂಜಿನ್ ಮುಂದಿನ ಚಕ್ರಗಳನ್ನು ತಿರುಗಿಸುವ ಕಾರನ್ನು ಫ್ಲಾಟ್‌ಬೆಡ್ ಮೇಲೆ ಹೇರಬೇಕು, ಇಲ್ಲವೇ ಮುಂದಿನ ಎರಡೂ ಚಕ್ರ ನೆಲ ಬಿಡುವ ಹಾಗೆ ಎತ್ತಿ ಒಯ್ಯಬೇಕು.

ಮೈಸೂರಿನ ಹೆಬ್ಬಾಳದ ಕಡೆ ಇರುವ ಹಿರಿಯ ಮೆಕ್ಯಾನಿಕ್ ಒಬ್ಬರು ನನ್ನ ಎದುರಿಗೇ ಗೇರ್‌ಬಾಕ್ಸ್ ಬಿಚ್ಚಿದರು. ಹೊರಗೆ ಬಂದ ಆಯಿಲ್ ಕಾಫಿ ಡಿಕಾಕ್ಷನ್ ಬಣ್ಣ, ಸುಟ್ಟ ವಾಸನೆ. ಗೇರ್‌ಬಾಕ್ಸ್ ಅಡಿಯ ಆಯಿಲ್ ಪ್ಯಾನಿನ ಮ್ಯಾಗ್ನೆಟ್ ಮೇಲೆ ಬೂದಿ ಬಣ್ಣದ ಸಣ್ಣ ಕೆಸರು ಇರುವುದು ಮಾಮೂಲಿ. ನಮ್ಮದರಲ್ಲಿ ಲೋಹದ ಚೂರುಗಳಿದ್ದವು. ಸ್ಟೀಲ್ ಪ್ಲೇಟುಗಳು ಕಾದು ನೀಲಿಗಟ್ಟಿದ್ದವು. ಕೊನೆಗೆ ಆಕ್ಸಲ್ ಹೊರಬರುವ ಕಡೆಯಿಂದ ಬಳೆಯಷ್ಟು ಗಾತ್ರದ ಒಂದು ಸೀಲ್ ತೆಗೆದು ನನ್ನ ಅಂಗೈ ಮೇಲಿಟ್ಟರು. ಅಂಚಿನ ರಬ್ಬರ್ ಮೆತ್ತಗಿರಬೇಕಿತ್ತು. ಉಗುರಿನಿಂದ ಒತ್ತಿದೆ, ಹಪ್ಪಳದ ಹಾಗೆ ಮುರಿಯಿತು. "ಸೋರಿದ್ದು ಇಲ್ಲಿಂದಲೇ. ಆವತ್ತೇ ತಂದಿದ್ರೆ ಇದೊಂದೇ ಬದಲಾಯಿಸಿ ಕಳಿಸ್ತಿದ್ದೆ" ಅಂದರು.

ಮೊದಲ ಗ್ಯಾರೇಜ್‌ನವನನ್ನು ಕೇಳಲು ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ. ಎಷ್ಟೇ ಸಣ್ಣ ಕೆಲಸ ಆದರೂ ಬಿಲ್ ತೆಗೆದುಕೊಳ್ಳಿ, ಹಾಕಿದ ಆಯಿಲ್‌ನ ಹೆಸರು ಅದರಲ್ಲಿ ಬರೆಸಿ.

ನಿಮ್ಮ ಗಾಡಿಯ ಗೇರ್ ಜಾರುತ್ತಿದೆ ಅನಿಸಿದರೆ ಅಲ್ಲಿಗೇ ಓಡಿಸುವುದು ನಿಲ್ಲಿಸಿ. ಗೇರ್‌ಬಾಕ್ಸ್‌ಗೆ ಡಿಪ್‌ಸ್ಟಿಕ್ (ಆಯಿಲ್ ಅಳೆಯುವ ಕಡ್ಡಿ) ಇದ್ದರೆ ಬಿಳಿ ಬಟ್ಟೆಯಲ್ಲಿ ಒರೆಸಿ ಬಣ್ಣ ನೋಡಿ, ಮೂಸಿ ನೋಡಿ. ಅಳತೆ ನೋಡುವ ಕ್ರಮ ಒಂದೊಂದು ಗಾಡಿಗೆ ಒಂದೊಂದು ಥರ. ಕೆಲವಕ್ಕೆ ಎಂಜಿನ್ ಬಿಸಿಯಾಗಿ ಓಡುತ್ತಿರಬೇಕು, ಕೆಲವಕ್ಕೆ ಆಫ್ ಮಾಡಿದ ತಕ್ಷಣ ನೋಡಬೇಕು, ಕೆಲವಕ್ಕೆ ಡಿಪ್‌ಸ್ಟಿಕ್ಕೇ ಇರಲ್ಲ. ಮ್ಯಾನ್ಯುಯಲ್ ತೆರೆದು ನೋಡಿ. ಗ್ಯಾರೇಜ್‌ನಲ್ಲಿ ಮೊದಲು ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿಸಿ. ಕೆಲವೊಮ್ಮೆ ಒಂದು ಸೊಲೆನಾಯ್ಡ್ (ಆಯಿಲ್ ಹರಿವು ನಿಯಂತ್ರಿಸುವ ವಿದ್ಯುತ್ ವಾಲ್ವ್) ಕೆಟ್ಟಿರುತ್ತದೆ, ಗೇರ್‌ಬಾಕ್ಸ್ ಪೂರ್ತಿ ಬಿಚ್ಚಬೇಕಾಗಿಯೇ ಬರಲ್ಲ. ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವವರು ಬೀದಿಯಲ್ಲಿ ಒಂದು ಸುತ್ತು ಹೊಡೆದು ಒಪ್ಪಬೇಡಿ. ಅರ್ಧ ಗಂಟೆ ಓಡಿಸಿ, ಗಾಡಿ ಚೆನ್ನಾಗಿ ಬಿಸಿಯಾದ ಮೇಲೆ ಬೆಟ್ಟ ಹತ್ತಿಸಿ. ತಣ್ಣಗಿರುವಾಗ ಸರಿಯಾಗಿರುವ ಗೇರ್ ಬಿಸಿಯಾದಾಗ ಜಾರುವುದುಂಟು.

ಇವತ್ತು ರಾತ್ರಿ ಗಾಡಿ ನಿಲ್ಲಿಸುವಾಗ ಕೆಳಗೆ ಒಂದು ಹಳೇ ರಟ್ಟು ಹಾಸಿಡಿ. ಬೆಳಿಗ್ಗೆ ಅದರ ಮೇಲೆ ಕೆಂಪು ಹನಿ ಇದ್ದರೆ ಕೀ ತಿರುಗಿಸಬೇಡಿ, ಮೆಕ್ಯಾನಿಕ್‌ನನ್ನೇ ಮನೆಗೆ ಕರೆಸಿ.