ಹೆಸರು ಅರ್ಧ ಸಿಕ್ಕಿತು, ಊರು ತಪ್ಪಿತು: ಐನ್ಯಾಚುರಲಿಸ್ಟ್ ಆಪ್ ಬಳಸಿ ನೋಡಿದಾಗ

ಬೆಳಗಾವಿಯ ಮೀನು ಮಾರುಕಟ್ಟೆಗೆ ಕಾರವಾರ, ಗೋವಾ ಕಡೆಯ ಮೀನಿನ ಜೊತೆಗೆ ಆಗೊಮ್ಮೆ ಈಗೊಮ್ಮೆ ನೀಲಿಕಲ್ಲು ಎಂಬ, ತಿನ್ನುವ ಸಮುದ್ರದ ಚಿಪ್ಪುಜೀವಿಯೂ ಬರುತ್ತದೆ. ಕಳೆದ ತಿಂಗಳು ತಂದ ಒಂದು ಕಿಲೋದಲ್ಲಿ, ಹಸಿರಂಚಿನ ದೊಡ್ಡ ಚಿಪ್ಪುಗಳ ನಡುವೆ ಬೆರಳಿನ ಗೆಣ್ಣಿನಷ್ಟೇ ಉದ್ದದ ಕಪ್ಪು ಚಿಪ್ಪುಗಳು ನಾಲ್ಕಾರು ಕಂಡದ್ದರಿಂದ, ಅವೇನೆಂದು ತಿಳಿಯಲು, ಜೀವಿಗಳ ಚಿತ್ರ ಹಾಕಿದರೆ ಹೆಸರು ಗುರುತಿಸಲು ನೆರವಾಗುವ ಐನ್ಯಾಚುರಲಿಸ್ಟ್ ಆಪ್ ಬಳಸಿದೆ.

ಅವು ಹೊರದೇಶದಿಂದ ಬಂದು ಇಲ್ಲಿ ಹರಡುವ ಜಾತಿಯವೇನೋ ಎಂಬ ಅನುಮಾನಕ್ಕೆ ಕಾರಣವಿತ್ತು. ಕೆರಿಬಿಯನ್ ಕಡೆಯ ಮೈಟಿಲಾಪ್ಸಿಸ್ ಸಲ್ಲೈ ಎಂಬ ಚಿಪ್ಪುಜೀವಿ 1960ರ ದಶಕದಲ್ಲೇ ವಿಶಾಖಪಟ್ಟಣದ ಬಂದರಿನಲ್ಲಿ ಕಂಡುಬಂದಿತ್ತು. ದಕ್ಷಿಣ ಅಮೆರಿಕದ ಮೈಟೆಲ್ಲಾ ಸ್ಟ್ರಿಗಾಟಾ ಈಗ ಕೇರಳದ ಅಷ್ಟಮುಡಿ ಹಿನ್ನೀರಿನಲ್ಲಿ ಅಲ್ಲಿನ ಚಿಪ್ಪುಗಳ ಜಾಗ ಹಿಡಿಯುತ್ತಿದೆ. 1999ರಲ್ಲಿ ಆಸ್ಟ್ರೇಲಿಯಾದ ಡಾರ್ವಿನ್‌ನಲ್ಲಿ ಸಲ್ಲೈ ಕಾಣಿಸಿಕೊಂಡಾಗ, ಬೇಗನೆ ಪತ್ತೆಯಾದುದರಿಂದಲೇ ದೋಣಿಕಟ್ಟೆಗಳಿಗೆ ಕ್ಲೋರಿನ್ ಮತ್ತು ಮೈಲುತುತ್ತ ಸುರಿದು ಅದನ್ನು ನಿರ್ಮೂಲ ಮಾಡಲು ಸಾಧ್ಯವಾಯಿತು.

ಆಪ್ ಉಚಿತ. ಚಿತ್ರ ಹಾಕಿದ ಕೂಡಲೇ ಅದು ಸೂಚಿಸುವ ಹೆಸರುಗಳು ಯಂತ್ರದ ಊಹೆ ಮಾತ್ರ. ಹೆಸರು ಗುರುತಿಸಿದ ಬಳಕೆದಾರರಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಜನ ಒಂದೇ ಹೆಸರನ್ನು ಒಪ್ಪಿದ ಮೇಲೆಯೇ ದಾಖಲೆಗೆ ಸಂಶೋಧನಾ ದರ್ಜೆ ದೊರೆಯುತ್ತದೆ. ನಾನು ಹೊರಮೈಯ ಚಿತ್ರವನ್ನಷ್ಟೇ ಹಾಕಿದ್ದೆ. ಒಬ್ಬ ಬಳಕೆದಾರರು ಚಿಪ್ಪು ಬಿಡಿಸಿ ಒಳಭಾಗವನ್ನು ತೋರಿಸಲು ಹೇಳಿದರು, ಏಕೆಂದರೆ ಸಲ್ಲೈ ಚಿಪ್ಪಿನ ಚೂಪು ತುದಿಯ ಒಳಗೆ ಪುಟ್ಟ ಅಟ್ಟಣಿಗೆಯಂಥ ಹಲಗೆ ಇರುತ್ತದೆ. ನನ್ನ ಚಿಪ್ಪುಗಳಲ್ಲಿ ಅದು ಇರಲಿಲ್ಲ. ಸಲ್ಲೈ ಅಲ್ಲವೆಂಬುದು ಖಚಿತವಾಯಿತು, ಉಳಿದದ್ದು ಇನ್ನೂ ಇತ್ಯರ್ಥವಾಗಿಲ್ಲ. ಉಪಾಹಾರದ ಪಾತ್ರೆಯ ಬದಿಯಲ್ಲಿ ತೆಗೆದ ನನ್ನ ಮಬ್ಬು ಚಿತ್ರಗಳಿಂದ ಇದಕ್ಕಿಂತ ಹೆಚ್ಚನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ಎಚ್ಚರ ಬೇಕಾದುದು ಸ್ಥಳದ ವಿಷಯದಲ್ಲಿ. ಫೋನಿನ ಸ್ಥಳವನ್ನೇ ಬಿಟ್ಟದ್ದರಿಂದ, ಸಮುದ್ರಮಟ್ಟಕ್ಕಿಂತ ಸುಮಾರು 750 ಮೀಟರ್ ಎತ್ತರದ ಬೆಳಗಾವಿಯಲ್ಲಿ ಸಮುದ್ರದ ಚಿಪ್ಪು ಸಿಕ್ಕಿದಂತೆ ನಕಾಶೆಯಲ್ಲಿ ಚುಕ್ಕೆ ಬಿತ್ತು. ತಿದ್ದಲೆಂದು ಮೀನು ಮಾರುವ ಅಕ್ಕನನ್ನು ಕೇಳಿದರೆ, “ಕಾರವಾರದ್ದು, ಗೋವಾದ್ದು ಎಲ್ಲಾ ಕೂಡೇ ಬರ್ತಾವ್ರೀ” ಎಂದಳು. ಹುಟ್ಟಿದ ನೀರು ಯಾವುದೆಂದು ತಿಳಿಯದ ಚಿಪ್ಪಿನ ವರದಿಯಿಂದ ಯಾರಿಗೂ ಉಪಯೋಗವಿಲ್ಲವಾದ್ದರಿಂದ ಆ ಸ್ಥಳವನ್ನು ಅಳಿಸಿಹಾಕಿದೆ.

ಇಲ್ಲಿ ದಾಖಲಿಸಿದ ಮಾತ್ರಕ್ಕೆ ಸರ್ಕಾರಕ್ಕೆ ದೂರು ಮುಟ್ಟಿತೆಂದು ತಿಳಿಯಬಾರದು. ಕರಾವಳಿಯಲ್ಲೇ ಅನುಮಾನ ಬಂದರೆ, ಜಾಗ ಮತ್ತು ದಿನಾಂಕ ಬರೆದುಕೊಂಡು, ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕಾರವಾರ ಕೇಂದ್ರಕ್ಕೆ ಚಿತ್ರಗಳನ್ನು ತಾವೇ ಕಳುಹಿಸುವುದು ಲೇಸು.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಚಿಪ್ಪುಗಳನ್ನು ತೊಳೆದು ಒಣಗಿಸಿ ಡಬ್ಬಿಯಲ್ಲಿಟ್ಟಿದ್ದೇನೆ. ಮುಂದಿನ ಸಲ ಗಾಡಿ ಬಂದಾಗ ನೀಲಿಕಲ್ಲಿನ ಊರನ್ನು ಚಾಲಕನನ್ನೇ ಕೇಳಬೇಕು.