ವಿಜಯಪುರದ ಒಂದು ಪಶು ಆಹಾರದ ಅಂಗಡಿ: ಪ್ರಾಣಿ ಯಾವುದೆಂದು ತಿಳಿದು ತೂಗುವವರು

ವಿಜಯಪುರದ ಮಾರುಕಟ್ಟೆಯ ಹಿಂಬದಿಯ ಓಣಿಯಲ್ಲಿರುವ ಈ ಅಂಗಡಿಯಲ್ಲಿ ಹಿಂಡಿ ಕೇಳಿದರೂ ಹೊಟ್ಟು ಕೇಳಿದರೂ ಮೊದಲು ಎದುರಾಗುವುದು ಒಂದೇ ಪ್ರಶ್ನೆ: ಯಾವ ಪ್ರಾಣಿಗೆ? ಎಮ್ಮೆಗೆ ಎಂದರೆ ಹಿಂಡುತ್ತಿದೆಯೋ ಗಬ್ಬವಾಗಿದೆಯೋ, ಕಣಿಕೆ ಎಷ್ಟು ಹಾಕುತ್ತೀರಿ ಎಂದು ಮುಂದುವರಿಸಿ ಕೇಳುತ್ತಾರೆ. ಅವಸರದಲ್ಲಿ ಬಂದವರಿಗೆ ಇದು ಬೇಸರ ತರಿಸಬಹುದು. ಆದರೆ ಎಮ್ಮೆ, ಕುರಿ, ಕೋಳಿಗಳನ್ನು ಒಂದೇ ಅಂಗಳದಲ್ಲಿ ಸಾಕುವ ನನ್ನಂಥವರಿಗೆ ಈ ಅಂಗಡಿಯ ನಿಜವಾದ ಬೆಲೆ ಇರುವುದೇ ಈ ವಿಚಾರಣೆಯಲ್ಲಿ. ಏಕೆಂದರೆ ಒಂದು ಪ್ರಾಣಿಯ ಹೊಟ್ಟೆಗೆ ಪುಷ್ಟಿಯಾಗುವ ಚೀಲವೇ ಪಕ್ಕದ ಗೂಟದಲ್ಲಿರುವ ಇನ್ನೊಂದಕ್ಕೆ ವಿಷವಾಗಬಲ್ಲದು.

ಗೋವಿನಜೋಳದ ನುಚ್ಚನ್ನು ಹೆಚ್ಚಾಗಿ ಕೊಳ್ಳುವ ದನಗಾರರನ್ನು ಇಲ್ಲಿ ತಡೆದು ಮಾತನಾಡಿಸುತ್ತಾರೆ, ಮತ್ತು ಅದಕ್ಕೆ ಗಟ್ಟಿಯಾದ ಕಾರಣವಿದೆ. ಹಸು ಎಮ್ಮೆಗಳ ಹೊಟ್ಟೆಯಲ್ಲಿ ನಾಲ್ಕು ಕೋಣೆಗಳಿದ್ದು, ಮೊದಲನೆಯದಾದ ರೂಮೆನ್ ದೊಡ್ಡ ಹಸುವಿನಲ್ಲಿ ನೂರು ಲೀಟರಿಗೂ ಮಿಗಿಲಾಗಿ ಹಿಡಿಯುತ್ತದೆ. ಅಲ್ಲಿ ಮೇವನ್ನು ಹುಳಿ ಬರಿಸಿ ಒಡೆಯುವ ಕೆಲಸ ಬ್ಯಾಕ್ಟೀರಿಯಾ, ಪ್ರೊಟೊಜೋವಾ ಮತ್ತು ಶಿಲೀಂಧ್ರಗಳದು; ಹಸುವಿನ ಸ್ವಂತ ಜೀರ್ಣರಸಕ್ಕೆ ಜೋಳದ ದಂಟಿನ ನಾರನ್ನು ಕರಗಿಸುವ ಶಕ್ತಿ ಇಲ್ಲ. ಈ ಸೂಕ್ಷ್ಮಜೀವಿಗಳು ಬಿಡುವ ಅಸಿಟಿಕ್, ಪ್ರೊಪಿಯಾನಿಕ್, ಬ್ಯುಟಿರಿಕ್ ಆಮ್ಲಗಳೇ ರೂಮೆನ್ನಿನ ಗೋಡೆಯ ಮೂಲಕ ರಕ್ತ ಸೇರಿ ಹಸುವಿಗೆ ಬೇಕಾದ ಶಕ್ತಿಯ ಹೆಚ್ಚಿನ ಪಾಲನ್ನು ಒದಗಿಸುತ್ತವೆ. ಒಣಮೇವನ್ನು ಮೆಲುಕು ಹಾಕುವಾಗ ದಿನಕ್ಕೆ ನೂರು ಲೀಟರಿನಷ್ಟು ಜೊಲ್ಲು ಒಳಗಿಳಿದು ಆ ಹುಳಿಯನ್ನು ಹದದಲ್ಲಿಡುತ್ತದೆ. ನುಚ್ಚನ್ನೋ, ಮದುವೆ ಮನೆಯಲ್ಲಿ ಉಳಿದ ಅನ್ನ ಹೋಳಿಗೆಯನ್ನೋ ಬುಟ್ಟಿಗಟ್ಟಲೆ ಸುರಿದರೆ ಮೆಲುಕು ತಗ್ಗುತ್ತದೆ, ಲ್ಯಾಕ್ಟಿಕ್ ಆಮ್ಲ ಏರುತ್ತದೆ, ನಾರು ಒಡೆಯುವ ಜೀವಿಗಳು ಸಾಯುತ್ತವೆ, ಹಸು ನೆಲ ಹಿಡಿಯುತ್ತದೆ. ಜಾತ್ರೆ, ಲಗ್ನಗಳ ದಿನಗಳಲ್ಲಿ ನಮ್ಮ ಸುತ್ತಲಿನ ಹಳ್ಳಿಗಳಲ್ಲಿ ಪ್ರೀತಿಯಿಂದಲೇ ನಡೆಯುವ ಈ ಅನಾಹುತವನ್ನು ಗ್ರಾಹಕರಿಗೆ ಬಿಡಿಸಿ ಹೇಳುವ ವ್ಯಾಪಾರಿ ತನ್ನ ಮಾರಾಟವನ್ನು ತಾನೇ ಕಡಿಮೆ ಮಾಡಿಕೊಳ್ಳುತ್ತಾನೆ. ಆ ಪ್ರಾಮಾಣಿಕತೆಯನ್ನು ನಾನು ಮನಸಾರೆ ಗೌರವಿಸುತ್ತೇನೆ.

ವಿಜಯಪುರದಲ್ಲಿ ಟಾಂಗಾಗಳು ಇನ್ನೂ ಓಡುತ್ತಿರುವುದರಿಂದ ಕುದುರೆಗೆ ಕಡಲೆ, ಬೂಸಾ ಕೊಳ್ಳುವವರೂ ಇಲ್ಲಿಗೆ ಬರುತ್ತಾರೆ. ಕುದುರೆಯೂ ಹುಲ್ಲನ್ನೇ ತಿನ್ನುತ್ತದೆಯಾದರೂ ಅದು ಮೆಲುಕು ಹಾಕುವುದಿಲ್ಲ. ಅದರ ಜಠರ ಒಂದೇ, ಮೈಗೆ ಹೋಲಿಸಿದರೆ ಬಹಳ ಚಿಕ್ಕದು, ಸುಮಾರು 8ರಿಂದ 15 ಲೀಟರಿನದು. ನಾರು ಒಡೆಯುವ ಸೂಕ್ಷ್ಮಜೀವಿಗಳು ಇಲ್ಲಿ ಹಿಂದುಗಡೆ, ಅಂಧನಾಳ ಮತ್ತು ದೊಡ್ಡ ಕರುಳಿನಲ್ಲಿ ನೆಲೆಸಿವೆ. ಒಮ್ಮೆಗೇ ಹೆಚ್ಚು ಕಾಳು ತಿಂದರೆ ಸಣ್ಣ ಕರುಳಿನಲ್ಲಿ ಜೀರ್ಣವಾಗದ ಪಿಷ್ಟ ಹಿಂದಕ್ಕೆ ಹರಿದು ಅಲ್ಲಿ ಹುಳಿಯುತ್ತದೆ. ಹೊಟ್ಟೆಶೂಲೆ ಬರುತ್ತದೆ, ಗೊರಸಿನ ಒಳಪದರಕ್ಕೂ ಉರಿ ತಗಲುತ್ತದೆ. ಕುದುರೆಗೆ ವಾಂತಿ ಮಾಡಿಕೊಳ್ಳಲೂ ಬರುವುದಿಲ್ಲ. ಆದ್ದರಿಂದ ದಿನದ ಕಾಳನ್ನು ಹಲವು ಪಾಲು ಮಾಡಿ ಹಾಕಿರಿ ಎಂದು ಅಂಗಡಿಯವರು ಹೇಳುವುದು ಸರಿಯಾದ ಸಲಹೆ.

ನನ್ನ ಗಂಭೀರವಾದ ಆಕ್ಷೇಪ ಇರುವುದೂ ಇದೇ ಜಾಗದಲ್ಲಿ. ಕೋಳಿ ಆಹಾರದ ಬಿಡಿ ಚೀಲ ಮತ್ತು ಬೂಸಾದ ಚೀಲ ಅಕ್ಕಪಕ್ಕದಲ್ಲಿದ್ದು, ಎರಡನ್ನೂ ಒಂದೇ ಮಗೆಯಿಂದ ಮೊಗೆಯುತ್ತಾರೆ. ಕೋಳಿಗಳ ರಕ್ತಭೇದಿಯನ್ನು ತಡೆಯಲು ಕೆಲವು ಕೋಳಿ ಆಹಾರಗಳಲ್ಲಿ ಮೊನೆನ್ಸಿನ್ ಎಂಬ ಔಷಧಿ ಬೆರೆಸಿರುತ್ತಾರೆ. ಕೋಳಿ ಅದನ್ನು ಸಲೀಸಾಗಿ ತಾಳಿಕೊಳ್ಳುತ್ತದೆ. ಕುದುರೆಗೆ ಮಾತ್ರ ಪ್ರತಿ ಕಿಲೋ ದೇಹತೂಕಕ್ಕೆ 2ರಿಂದ 3 ಮಿಲಿಗ್ರಾಂ ಒಳಹೋದರೂ ಹೃದಯದ ಸ್ನಾಯು ಹಾಳಾಗಿ ಪ್ರಾಣ ಹೋಗಬಹುದು. ಮಗೆಗೆ ಅಂಟಿದ ಹುಡಿಯಲ್ಲಿ ಅಷ್ಟು ಪ್ರಮಾಣ ಇರಲಾರದು, ನಿಜ. ಆದರೆ ಚೀಲಗಳು ಇಷ್ಟು ಹತ್ತಿರವಿದ್ದಾಗ ಒಂದರ ಬದಲು ಇನ್ನೊಂದು ತಕ್ಕಡಿ ಏರುವುದಕ್ಕೆ ಒಂದು ಗಳಿಗೆಯ ಅಲಕ್ಷ್ಯ ಸಾಕು. ಐದಕ್ಕೆ ನಾಲ್ಕು ಅಂಕ ಕೊಡುತ್ತಿದ್ದೇನೆ. ಕಡಿತವಾದ ಒಂದು ಅಂಕ ಸಂಪೂರ್ಣವಾಗಿ ಈ ವ್ಯವಸ್ಥೆಗೆ ಸೇರಿದ್ದು.

ಕೋಳಿ ಸಾಕುವವರಿಗೆ ಬೇಕಾದದ್ದು ಬಹುಮಟ್ಟಿಗೆ ಇಲ್ಲಿ ಸಿಗುತ್ತದೆ. ಹಲ್ಲಿಲ್ಲದ ಕೋಳಿ ನುಂಗಿದ ಕಾಳು ಮೊದಲು ಕೊರಳಿನ ಚೀಲದಲ್ಲಿ ನೆನೆದು, ಆಮೇಲೆ ದಪ್ಪ ಸ್ನಾಯುವಿನ ಅರೆಯುವ ಜಠರದಲ್ಲಿ ಸಣ್ಣ ಹರಳುಗಳ ನಡುವೆ ಬೀಸುಕಲ್ಲಿಗೆ ಸಿಕ್ಕಂತೆ ಪುಡಿಯಾಗುತ್ತದೆ. ಹೊರಗೆ ಬಿಡದೆ ಗೂಡಿನಲ್ಲೇ ಇಟ್ಟು ಇಡೀ ಕಾಳು ಹಾಕುವವರು ಆ ಹರಳನ್ನೂ ಕೊಳ್ಳಬೇಕು. ಇಲ್ಲಿ ಕಪ್ಪೆಚಿಪ್ಪಿನ ಚೂರು ಸಿಗುತ್ತದೆ, ಗಟ್ಟಿ ಹರಳು ಸಿಗುವುದಿಲ್ಲ. ಚಿಪ್ಪು ಹೊಟ್ಟೆಯ ಆಮ್ಲದಲ್ಲಿ ಕರಗಿ ಮೊಟ್ಟೆಯ ಕವಚಕ್ಕೆ ಸುಣ್ಣ ಒದಗಿಸುತ್ತದೆಯೇ ಹೊರತು ಅರೆಯಲು ಹೆಚ್ಚು ಹೊತ್ತು ಉಳಿಯುವುದಿಲ್ಲ. ಕುರಿಗಳ ವಿಷಯದಲ್ಲಿ ಮಾತ್ರ ಅಂಗಡಿಯವರು ಮೆಚ್ಚುವಂತೆ ಕಟ್ಟುನಿಟ್ಟು: ದನದ ಖನಿಜ ಮಿಶ್ರಣವನ್ನು ಕುರಿಗೆಂದು ಕೇಳಿದರೆ ಕೊಡುವುದಿಲ್ಲ. ಅದರಲ್ಲಿರುವ ತಾಮ್ರ ಕುರಿಯ ಯಕೃತ್ತಿನಲ್ಲಿ ಸದ್ದಿಲ್ಲದೆ ಶೇಖರವಾಗಿ ಒಂದು ದಿನ ಥಟ್ಟನೆ ಕೊಲ್ಲುತ್ತದೆ.

ಬೆಲೆ ಪೇಟೆಯ ಉಳಿದ ಅಂಗಡಿಗಳಿಗಿಂತ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಹತ್ತಿಕಾಳಿನ ಹಿಂಡಿ ಒಣಗಿದ್ದು, ಮುರಿದರೆ ಒಳಗೂ ಬಣ್ಣ ಒಂದೇ ಸಮ. ಶೇಂಗಾ ಹಿಂಡಿಯನ್ನು ಮಾತ್ರ ಮಳೆಗಾಲದಲ್ಲಿ ಮೂಸಿ ನೋಡಿಯೇ ಕೊಳ್ಳಿರಿ. ಬೂಷ್ಟು ಹಿಡಿದ ಹಿಂಡಿಯಲ್ಲಿರುವ ಅಫ್ಲಾಟಾಕ್ಸಿನ್ ಎಂಬ ವಿಷ ಹಸುವಿನ ಹೊಟ್ಟೆಯಲ್ಲಿ ಪೂರ್ತಿ ನಾಶವಾಗದೆ ಹಾಲಿಗೂ ಇಳಿಯುತ್ತದೆ. ಹೆಚ್ಚು ಚೀಲಗಳಿದ್ದರೆ ಟಂಟಂನಲ್ಲಿ ಮನೆಗೆ ಕಳಿಸುತ್ತಾರೆ.

ಎಳೆಗರುಗಳ ಆಹಾರ ಇಲ್ಲಿ ಸದಾ ದಾಸ್ತಾನು ಇರುವುದಿಲ್ಲ, ಮೊದಲೇ ಹೇಳಿಟ್ಟರೆ ತರಿಸಿಕೊಡುತ್ತಾರೆ. ಅದು ಬರುವವರೆಗೆ ದೊಡ್ಡ ದನದ ಚೀಲದಿಂದಲೇ ಕರುವಿಗೂ ಹಾಕೋಣ ಎಂದು ಹೊರಡಬೇಡಿ. ಕರು ಚೀಪಿ ಕುಡಿದ ಹಾಲು ಅನ್ನನಾಳದ ಕೊನೆಯ ಮಡಿಕೆಯೊಂದರ ಮೂಲಕ ರೂಮೆನ್ನನ್ನು ತಪ್ಪಿಸಿ ನೇರವಾಗಿ ನಾಲ್ಕನೆಯ ಕೋಣೆಗೆ ಹೋಗುತ್ತದೆ, ಮತ್ತು ಮೊದಲ ವಾರಗಳಲ್ಲಿ ಅದರ ರೂಮೆನ್ ಇನ್ನೂ ಕೆಲಸಕ್ಕೇ ಇಳಿದಿರುವುದಿಲ್ಲ. ದೊಡ್ಡ ದನಗಳ ಕೆಲವು ಆಹಾರಗಳಲ್ಲಿ ಬೆರೆಸುವ ಯೂರಿಯಾವನ್ನು ಪ್ರೋಟೀನನ್ನಾಗಿ ಮಾರ್ಪಡಿಸುವ ಸೂಕ್ಷ್ಮಜೀವಿಗಳ ಬಳಗ ಆ ಕರುವಿನಲ್ಲಿ ಇನ್ನೂ ಬೆಳೆದಿರುವುದಿಲ್ಲವಾದ್ದರಿಂದ, ಚೀಲದ ಮೇಲಿನ ಚೀಟಿಯಲ್ಲಿ ಯೂರಿಯಾ ಎಂದಿದೆಯೇ ಎಂದು ಅಂಗಡಿಯಲ್ಲಿಯೇ ಓದಿಸಿಕೊಂಡು ಕೊಳ್ಳಿರಿ. ಕೇಳಿದರೆ ಅವರು ಬೇಸರವಿಲ್ಲದೆ ಓದಿ ಹೇಳುತ್ತಾರೆ.