ಶಹಾಬಾದ್ ಫರಸಿಯ ಮೇಲೆ ನಿಲ್ಲದ ಪುಟ್ಟ ಡ್ರೋನು: ಎರಡು ವರ್ಷ ಬಳಸಿದ ಮೇಲೆ

ಮೊಬೈಲಿನಿಂದ ನಡೆಸುವ ಈ ಪುಟ್ಟ ಡ್ರೋನನ್ನು ಆರೂವರೆ ಸಾವಿರ ರೂಪಾಯಿ ಕೊಟ್ಟು ಕೊಂಡು ಎರಡು ವರ್ಷವಾಯಿತು. ಮೊದಲ ಎರಡು ತಿಂಗಳು ಇದು ಕೆಟ್ಟ ಮಾಲು ಎಂದೇ ತಿಳಿದು, ಹಿಂದಿರುಗಿಸುವುದಕ್ಕಾಗಿ ಮಾರಿದವರಿಗೆ ಫೋನು ಮಾಡಿ ಮಾಡಿ ಬೇಸತ್ತಿದ್ದೆ. ಕ್ಯಾಮೆರಾ ಎಂಥದು, ವೇಗ ಎಷ್ಟು ಎಂಬುದೆಲ್ಲ ಡಬ್ಬಿಯ ಮೇಲೆಯೇ ಇರುವುದರಿಂದ ಅದನ್ನು ಇಲ್ಲಿ ಬರೆಯುವುದಿಲ್ಲ. ಡಬ್ಬಿಯ ಮೇಲಿಲ್ಲದ ಒಂದು ಸಂಗತಿಯನ್ನು, ಅಂದರೆ ನೆಲದ ಸಂಗತಿಯನ್ನು, ನಮ್ಮ ಕಲಬುರಗಿ ಕಡೆಯ ಮನೆಗಳವರು ಕೊಳ್ಳುವ ಮೊದಲೇ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ.

ನಮ್ಮದು ಬ್ರಹ್ಮಪುರದಲ್ಲಿರುವ ಹಳೆಯ ಕಲ್ಲಿನ ಮನೆ. ಪಡಸಾಲೆಗೆ ಹಾಸಿರುವ ಶಹಾಬಾದ್ ಫರಸಿಯನ್ನು ವರ್ಷಗಟ್ಟಲೆ ಒರೆಸಿ ಒರೆಸಿ, ಆ ಬೂದು ಕಲ್ಲು ಮೂಲೆಯಿಂದ ಮೂಲೆಯವರೆಗೆ ಒಂದೇ ಸಮನೆ ನುಣುಪಾಗಿ ಹೊಳೆಯುತ್ತದೆ. ಮೇಲೇರುವ ಗುರುತನ್ನು ಒತ್ತಿದರೆ ಡ್ರೋನು ಸೊಂಟದೆತ್ತರಕ್ಕೆ ಏರಿ ಅಲ್ಲಿಯೇ ನಿಲ್ಲಬೇಕು. ನಮ್ಮಲ್ಲಿ ಅದು ಏರಿದ್ದೇ ತಡ, ಯಾರೋ ದಾರ ಕಟ್ಟಿ ಎಳೆದಂತೆ ಪಕ್ಕಕ್ಕೆ ಸರಿದು ಗೋಡೆಗೆ ಬಡಿಯುತ್ತಿತ್ತು. ಫೋನಿನಲ್ಲಿ ಕೇಳಿದಾಗಲೆಲ್ಲ ‘ಕ್ಯಾಲಿಬ್ರೇಶನ್ ಮಾಡಿರಿ’, ಅಂದರೆ ಯಂತ್ರದ ಅಳತೆಗಳನ್ನು ಸರಿಹೊಂದಿಸಿರಿ, ಎಂಬ ಒಂದೇ ಉತ್ತರ ಬರುತ್ತಿತ್ತು. ನೆಲ ಎಂಥದು ಎಂದು ಒಬ್ಬರೂ ಕೇಳಲಿಲ್ಲ.

ಪಂಚಮಿ ಹಬ್ಬಕ್ಕೆ ಅಕ್ಕನ ಮನೆಯವರು ಬಂದಾಗ ಅವ್ವ ಟ್ರಂಕಿನಿಂದ ನವಲಗುಂದದ ಜಮಖಾನೆ ತೆಗೆದು ಪಡಸಾಲೆಯಲ್ಲಿ ಹಾಸಿದ್ದಳು. ನಡುವೆ ಪಗಡೆ ಹಾಸಿನ ಚಿತ್ತಾರ, ಅಂಚಿನಲ್ಲಿ ನವಿಲುಗಳಿರುವ ದಪ್ಪನೆಯ ಜಮಖಾನೆ ಅದು. ಊಟವಾದ ಮೇಲೆ ಹತ್ತು ವರ್ಷದ ಅಳಿಯ ಹಟ ಹಿಡಿದದ್ದಕ್ಕೆ ಅದರ ಮೇಲಿಂದಲೇ ಡ್ರೋನನ್ನು ಹಾರಿಸಿದೆ. ಅದು ಏರಿತು, ಒಮ್ಮೆ ಅಲುಗಿತು, ಗಾಳಿಯಲ್ಲಿ ಮೊಳೆ ಹೊಡೆದು ತೂಗುಹಾಕಿದಂತೆ ನಿಂತುಬಿಟ್ಟಿತು. ‘ಮಾಮಾ, ಈಗ ನೆಲ ಗುರ್ತ ಹಿಡದದ ನೋಡ್ರಿ’ ಎಂದು ಅಳಿಯ ಕೂಗಿದ. ಅವನು ಹೇಳಿದ್ದು ಅಕ್ಷರಶಃ ನಿಜ.

ಎಂಬತ್ತು ಗ್ರಾಂ ತೂಕದ ಈ ಯಂತ್ರದ ಹೊಟ್ಟೆಯಲ್ಲಿ ಕೆಳಗೆ ನೋಡುವ ಒಂದು ಸಣ್ಣ ಕ್ಯಾಮೆರಾ ಇದೆ. ಅದು ಬಿಡುವಿಲ್ಲದೆ ನೆಲದ ಚಿತ್ರ ತೆಗೆಯುತ್ತ, ಹಿಂದಿನ ಚಿತ್ರದಲ್ಲಿದ್ದ ಗೆರೆ, ಕಲೆ, ಬಣ್ಣದ ಅಂಚುಗಳು ಈಗಿನ ಚಿತ್ರದಲ್ಲಿ ಎಷ್ಟು ಸರಿದಿವೆ ಎಂದು ಅಳೆದು, ಅಷ್ಟನ್ನು ಮೋಟಾರುಗಳಿಂದ ಸರಿಪಡಿಸಿಕೊಳ್ಳುತ್ತದೆ. ಜಿಪಿಎಸ್ ಇಲ್ಲದ ಯಂತ್ರಕ್ಕೆ ತಾನಿದ್ದ ಜಾಗದಲ್ಲೇ ಇರಲು ಈ ಗುರುತುಗಳೇ ಆಧಾರ. ಗುರುತಿಲ್ಲದ ನುಣುಪು ಕಲ್ಲಿನಲ್ಲಿ ಹೋಲಿಸಲು ಏನೂ ಸಿಗುವುದಿಲ್ಲ. ಸಾಲದ್ದಕ್ಕೆ ಕಿಟಕಿಯ ಬೆಳಕು ಅದರಲ್ಲಿ ಪ್ರತಿಫಲಿಸಿ ಕ್ಯಾಮೆರಾವನ್ನು ದಾರಿ ತಪ್ಪಿಸುತ್ತದೆ. ಕರೆಂಟು ಹೋಗಿ ಇನ್ವರ್ಟರಿನ ಒಂದೇ ದೀಪ ಉರಿಯುವಾಗಲೂ ಇದೇ ಪಾಡು. ಖಾತ್ರಿ ಮಾಡಿಕೊಳ್ಳಲೆಂದು, ಡ್ರೋನು ಮೇಲೆ ನಿಂತಿರುವಾಗ ಜಮಖಾನೆಯ ಒಂದು ತುದಿಯನ್ನು ಹಿಡಿದು ಅಳಿಯನಿಂದ ನಿಧಾನವಾಗಿ ಎಳೆಸಿದೆ. ಹಸುವಿನ ಹಿಂದೆ ಕರು ಹೋದಂತೆ ಡ್ರೋನು ಜಮಖಾನೆಯ ಹಿಂದೆಯೇ ಸರಿಯಿತು. ಈ ಎರಡು ವರ್ಷಗಳಲ್ಲಿ ಇದರಿಂದ ನನಗೆ ಸಿಕ್ಕ ದೊಡ್ಡ ಸಂತೋಷ ಅದು.

ಅಂದಿನಿಂದ ಒಂದು ಪದ್ಧತಿ ಬೆಳೆದುಬಂದಿದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಪಾರಾ ನಲವತ್ತು ಡಿಗ್ರಿ ದಾಟುವ ಊರಿನಲ್ಲಿ ಹಗಲು ಹೊತ್ತು ಫ್ಯಾನು, ಕೂಲರು ಆರಿಸಿ ಕೂರುವುದು ಆಗದ ಮಾತು. ಅವು ತಿರುಗುತ್ತಿದ್ದರೆ ಇಷ್ಟು ಹಗುರ ಯಂತ್ರ ನಿಲ್ಲುವುದಿಲ್ಲ. ಆದ್ದರಿಂದ ಬೆಳಿಗ್ಗೆ ಆರರಿಂದ ಆರೂವರೆಯವರೆಗಿನ ಹೊತ್ತು ಇದಕ್ಕೆ ಮೀಸಲು. ಜಮಖಾನೆ ಹಾಸಿ, ಟ್ಯೂಬ್‌ಲೈಟ್ ಹಾಕಿ, ಗಾಳಿ ನುಗ್ಗದಂತೆ ಬಾಗಿಲು ಮುಚ್ಚುತ್ತೇನೆ. ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ ಆ ಮೇಲೆ ವೈಫೈ ಮಾತ್ರ ಹಚ್ಚುತ್ತೇನೆ. ಹಾಗೆ ಮಾಡದಿದ್ದರೆ ಡ್ರೋನಿನ ವೈಫೈಯಲ್ಲಿ ಇಂಟರ್ನೆಟ್ ಇಲ್ಲವೆಂದು ನನ್ನ ಫೋನು ತಾನಾಗಿ ಮೊಬೈಲ್ ಡೇಟಾಕ್ಕೆ ಜಿಗಿದು, ಹಾರಾಟದ ನಡುವೆಯೇ ಹಿಡಿತ ತಪ್ಪುತ್ತದೆ. ಮಂಚದ ಮೇಲೆ ಹಾದುಹೋಗುವಾಗ ಡ್ರೋನು ಮಂಚವನ್ನೇ ನೆಲವೆಂದು ತಿಳಿದು ಫಕ್ಕನೆ ಮೇಲೇರುತ್ತದೆ; ಮೇಲೆ ತೊಲೆ ಇದ್ದವರು ಜಾಗ್ರತೆಯಿಂದಿರಬೇಕು. ಜಮಖಾನೆಯ ಹತ್ತಿಯ ಎಳೆಗಳು ರೆಕ್ಕೆಯ ಬುಡದಲ್ಲಿ ಸುತ್ತಿಕೊಳ್ಳುವುದರಿಂದ, ಪ್ರತಿ ಭಾನುವಾರ ನಾಲ್ಕೂ ರೆಕ್ಕೆಗಳನ್ನು ಕಳಚಿ, ಕೂದಲಿನಷ್ಟು ತೆಳುವಾದ ಆ ಎಳೆಗಳನ್ನು ಹೊಲಿಗೆಯ ಸೂಜಿಯಿಂದ ಬಿಡಿಸುತ್ತೇನೆ. ಮರಳಿ ಹಾಕುವಾಗ ಅವುಗಳ ಮೇಲಿನ ಗುರುತು ನೋಡಲೇಬೇಕು, ಏಕೆಂದರೆ ಎರಡು ರೆಕ್ಕೆಗಳು ಗಡಿಯಾರದಂತೆಯೂ ಇನ್ನೆರಡು ಅದಕ್ಕೆ ಎದುರಾಗಿಯೂ ತಿರುಗುತ್ತವೆ. ಅದಲುಬದಲಾದರೆ ಏಳುವ ಮೊದಲೇ ಮಗುಚಿ ಬೀಳುತ್ತದೆ.

ಇಷ್ಟು ಪ್ರೀತಿಯಿಂದ ಬರೆದರೂ ಬ್ಯಾಟರಿಯ ವಿಷಯದಲ್ಲಿ ನನ್ನ ಸಿಟ್ಟು ಇಳಿದಿಲ್ಲ. ಮೊದಲ ಬೇಸಿಗೆಯಲ್ಲಿ ಪೂರ್ತಿ ಚಾರ್ಜ್ ಮಾಡಿದ ಒಂದು ಬ್ಯಾಟರಿಯನ್ನು ಮಾಳಿಗೆಯ ಕೋಣೆಯ ಅಲಮಾರಿಯಲ್ಲಿ ಇಟ್ಟು ಮರೆತೆ. ಮೂರು ವಾರದ ಮೇಲೆ ತೆಗೆದಾಗ ಅದು ಪೂರಿಯಂತೆ ಉಬ್ಬಿತ್ತು. ಲಿಥಿಯಂ ಪಾಲಿಮರ್ ಬ್ಯಾಟರಿಗೆ ಪೂರ್ತಿ ಚಾರ್ಜು ಮತ್ತು ಸೆಕೆ ಎರಡೂ ಸೇರಿದರೆ ಒಳಗೆ ಅನಿಲ ಹುಟ್ಟುತ್ತದೆ ಎಂಬ ಎಚ್ಚರಿಕೆಯನ್ನು, ಬಿಸಿಲ ನಾಡಿಗೆ ಕಳಿಸುವ ವಸ್ತುವಿನ ಕೈಪಿಡಿಯಲ್ಲಿ ಮೊದಲ ಪುಟದಲ್ಲೇ ಮುದ್ರಿಸಬೇಕಿತ್ತು. ನನಗೆ ಬಂದ ಕೈಪಿಡಿಯಲ್ಲಿ ಅದು ಎಲ್ಲಿಯೂ ಇರಲಿಲ್ಲ. ಹೊಸ ಬ್ಯಾಟರಿಗೆ ಒಂದೂವರೆ ಸಾವಿರ ಕೊಡಬೇಕಾಯಿತು, ಸಂಬಳದಲ್ಲಿ ಮನೆ ನಡೆಸುವವರಿಗೆ ಅದು ಸಣ್ಣ ಮೊತ್ತವಲ್ಲ. ಈಗ ಬ್ಯಾಟರಿಗಳನ್ನು ಅರ್ಧ ಚಾರ್ಜಿನಲ್ಲಿ, ಕೆಳಮನೆಯ ದಪ್ಪ ಗೋಡೆಯ ಗೂಡಿನಲ್ಲಿ ಇಡುತ್ತೇನೆ. ಹಾರಿಸಿದ ಮೇಲೆ ಅರ್ಧ ಗಂಟೆ ಆರಲು ಬಿಟ್ಟೇ ಚಾರ್ಜಿಗೆ ಹಚ್ಚುತ್ತೇನೆ. ಆದರೂ ಉಬ್ಬದೆ ಉಳಿದ ಹಳೆಯ ಬ್ಯಾಟರಿ, ಮೊದಲು ಹತ್ತು ನಿಮಿಷ ಹಾರುತ್ತಿದ್ದದ್ದು, ಈಗ ಏಳಕ್ಕೇ ಇಳಿಯುತ್ತದೆ.

2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನ ಡ್ರೋನುಗಳು ನ್ಯಾನೋ ವರ್ಗಕ್ಕೆ ಸೇರುವುದರಿಂದ ಇದಕ್ಕೆ ಪೈಲಟ್ ಪರವಾನಗಿ ಬೇಕಿಲ್ಲ. ಹಾಗೆಂದು ಮಾಳಿಗೆಯ ಮೇಲೆ ಹಾರಿಸಲು ಹೋಗಬೇಡಿ, ಒಂದು ಸುಳಿಗಾಳಿ ಸಾಕು ಇದನ್ನು ಪಕ್ಕದ ಓಣಿಗೆ ಒಯ್ಯಲು. ಹೊಳೆಯುವ ಟೈಲ್ಸ್ ಹಾಕಿಸಿದ ಹೊಸ ಮನೆಯವರು ಮೊದಲು ಚಿತ್ತಾರದ ಜಮಖಾನೆಯನ್ನೋ ಗೆರೆಗಳಿರುವ ಚಾಪೆಯನ್ನೋ ಹೊಂದಿಸಿಕೊಂಡು ಆಮೇಲೆ ಕೊಳ್ಳಲಿ. ನಮ್ಮಲ್ಲಿ ಹೊಸ ಬ್ಯಾಟರಿಯನ್ನು ಪಂಚಮಿಗೆ ಬರುವ ಅಳಿಯನಿಗೆಂದು ತೆಗೆದಿಟ್ಟು, ದಿನ ಬೆಳಗಿನ ಏಳು ನಿಮಿಷಕ್ಕೆ ಹಳೆಯದನ್ನೇ ಬಳಸುತ್ತಿದ್ದೇನೆ.